ದಪ್ಪ ಎಣ್ಣೆ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಬೇಕರಿಯವರ ವ್ಯಾನು ಎದುರಿಗೆ ನಿಂತಿತ್ತು. ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಎಂಜಿನ್ ಹಿಡಿದುಕೊಂಡುಬಿಟ್ಟಿದೆ, ಅಲುಗಾಡುತ್ತಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದೆ. ತುದಿಯವರೆಗೂ ಒಣಗಿತ್ತು. ನಿನ್ನೆ ಸಂಜೆಯಷ್ಟೇ ನಮ್ಮಲ್ಲಿ ಸರ್ವೀಸ್ ಆಗಿ ಹೋದ ಗಾಡಿ. ಹಳೇ ಎಣ್ಣೆ ಇಳಿಸಿದ್ದಾರೆ, ಫಿಲ್ಟರ್ ಬದಲಿಸಿದ್ದಾರೆ, ಹೊಸ ಎಣ್ಣೆ ಹಾಕುವುದನ್ನೇ ಮರೆತಿದ್ದಾರೆ.

ಇವರು ಕೈ ಒರೆಸಿಕೊಳ್ಳುತ್ತ ಬಂದು ಕಡ್ಡಿ ನೋಡಿದರು. "ಏಣಿ, ಇದು ನಿನ್ನ ಕೆಲಸ ಅಲ್ವಾ?" ಅಂದರು.

ಏಣಿ ಅಂತ ಹೆಸರಿಟ್ಟದ್ದೂ ಇವರೇ, ಅವನ ಎತ್ತರ ನೋಡಿ. ನಾನು ಮದುವೆಯಾಗಿ ಬರುವ ಮೊದಲಿಂದಲೂ ಇಲ್ಲಿದ್ದಾನೆ. ಅವನು ಇವರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಿನ್ನೆ ಆ ವ್ಯಾನಿನ ಕೆಳಗೆ ಮಲಗಿದ್ದವರು ಇವರೇ. ಏಣಿ ಮೂಲೆಯಲ್ಲಿ ಬೇರೆ ಕಾರಿನ ಗೇರ್‌ಬಾಕ್ಸ್ ಇಳಿಸುತ್ತಿದ್ದ. ನಾನು ಕಣ್ಣಾರೆ ಕಂಡಿದ್ದೇನೆ.

"ಹೌದಣ್ಣ" ಅಂದ ಏಣಿ.

"ಹಾಗಾದ್ರೆ ನಾಳೆಯಿಂದ ಬರಬೇಡ."

ಅವನು ಡಬ್ಬಿಯಲ್ಲಿದ್ದ ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಬಾಗಿಲಲ್ಲಿ ಅಭ್ಯಾಸದಂತೆ ತಲೆ ಬಗ್ಗಿಸಿದ. ಮಾತು ನನ್ನ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಊರವರ ಮುಂದೆ ಗಂಡನನ್ನು ಸುಳ್ಳುಗಾರ ಮಾಡುವುದು ಹೇಗೆ? ಇವರು ಸುಳ್ಳು ಹೇಳಿದ್ದೂ ಅಲ್ಲ. ಇವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅದೇ ನನ್ನನ್ನು ಕೂರಲು ಬಿಡುತ್ತಿಲ್ಲ. ಯಾರ ಹತ್ತಿರ ಹೇಳಲಿ? ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ 9, ಭಾನುವಾರ

ನಾದಿನಿ, ಅವಳ ಮಗಳು ಗುಬ್ಬಿ ಊಟಕ್ಕೆ ಬಂದಿದ್ದರು. ಗುಬ್ಬಿಯ ಕಾರು ನಮ್ಮ ಶೆಡ್ಡಿನಲ್ಲೇ ಹೊದಿಕೆ ಹೊದ್ದು ನಿಂತಿದೆ. ಏಪ್ರಿಲ್ ಹನ್ನೆರಡಕ್ಕೆ ರೇಸು. ಒಂದು ರೇಸು ತಂಡದವರು ಒಂದು ಸೀಟು ಇವಳಿಗೆ ಇಟ್ಟಿದ್ದಾರೆ. ಚೆನ್ನಾಗಿ ಓಡಿಸಿದರೆ ಮುಂದೆ ಅದೇ ಜೀವನ. ಹುಡುಗಿ ಇರುವುದು ಮುಷ್ಟಿಯಷ್ಟು, ಸ್ಟೀರಿಂಗ್ ಹಿಡಿದರೆ ಮಾತ್ರ ಬೇರೆಯೇ ಪ್ರಾಣಿ.

ಎಂಜಿನ್ ಕಟ್ಟಿದ್ದು ಇವರೇ, ಜನವರಿಯಲ್ಲಿ. ಸೂಪರ್‌ಚಾರ್ಜರ್ ಕೂರಿಸಿದ್ದಾರೆ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ ಅದು. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು, ಬೆಂಕಿ ಹೆಚ್ಚು. ಆ ಬೆಂಕಿಯ ಗುದ್ದೆಲ್ಲ ಕೊನೆಗೆ ಬೀಳುವುದು ಬೇರಿಂಗುಗಳ ಮೇಲೆ. ಕಬ್ಬಿಣಕ್ಕೂ ಬೇರಿಂಗಿಗೂ ನಡುವೆ ನಿಲ್ಲುವುದು ಎಣ್ಣೆಯ ಒಂದು ಪೊರೆ ಅಷ್ಟೆ. ಅದು ಹರಿದರೆ ಮುಗಿಯಿತು. ಪಿಸ್ಟನ್ನನ್ನು ಹಿಡಿದ ರಾಡು ಮುರಿದು ಎಂಜಿನ್ನಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ, ಎಣ್ಣೆ ಹಿಂದಿನ ಚಕ್ರಕ್ಕೆ ಚೆಲ್ಲುತ್ತದೆ. ಆ ವೇಗದಲ್ಲಿ ಆಮೇಲೆ ಏನಾಗುತ್ತದೆ ಅಂತ ಬರೆಯುವುದು ಬೇಡ.

"ಮಾವ, ಯಾವ ಎಣ್ಣೆ ಹಾಕೋದು?" ಗುಬ್ಬಿ ಕೇಳಿದಳು.

"ಫೈವ್-ಫಾರ್ಟಿ" ಅಂದರು ಇವರು ತಕ್ಷಣ. "ಸಂದು ಬಿಗಿಯಾಗಿ ಇಟ್ಟಿದ್ದೀನಿ. ತೆಳು ಎಣ್ಣೆ ಸಾಕು, ಬೇಗ ಒಳಗೆ ಹೋಗುತ್ತೆ."

ನಾದಿನಿ ನನ್ನ ಕಡೆ ನೋಡಿ ನಕ್ಕಳು. "ನಮ್ಮಣ್ಣನ ತಲೇಲಿ ಇಡೀ ಎಂಜಿನ್ನೇ ಇರುತ್ತೆ ನೋಡು."

ತಲೆಯಲ್ಲೇ ಇರುವುದು, ನಿಜ. ಇವರು ಏನನ್ನೂ ಎಂದೂ ಬರೆದಿಟ್ಟವರಲ್ಲ.

ಮಾರ್ಚ್ 13, ಗುರುವಾರ

ಎಣ್ಣೆ ತರಿಸಬೇಕಲ್ಲ ಅಂತ ಇನ್ನೊಮ್ಮೆ ಕೇಳಿದೆ.

"ಟೆನ್-ಸಿಕ್ಸ್ಟಿ" ಅಂದರು. "ದಪ್ಪದ್ದೇ ಬೇಕು. ಸಂದು ಸಡಿಲ ಬಿಟ್ಟಿದ್ದೀನಿ, ಸೂಪರ್‌ಚಾರ್ಜರ್ ಬಿಸಿ ಅಂದ್ರೆ ತಮಾಷೆನಾ?"

"ರೀ, ಭಾನುವಾರ ಬಿಗಿ ಅಂದಿರಿ."

"ನಾನು ಹಾಗೆ ಹೇಳೇ ಇಲ್ಲ."

ಎರಡೂ ಉತ್ತರ ಸರಿಯೇ, ಅದೇ ಕಷ್ಟ. ಇವರೇ ನನಗೆ ಕಲಿಸಿದ ಮಾತು: ಎಣ್ಣೆ ಆರಿಸೋದು ಅಂಗಡೀಲಿ ಅಲ್ಲ, ಸಂದಿನಲ್ಲಿ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಬಿಟ್ಟ ಜಾಗ ಬಿಗಿಯಾಗಿದ್ದರೆ ದಪ್ಪ ಎಣ್ಣೆ ಒಳಗೆ ನುಗ್ಗುವುದಿಲ್ಲ, ಅಲ್ಲೇ ಕಾದು ಸಾಯುತ್ತದೆ. ಸಡಿಲ ಇದ್ದರೆ ತೆಳು ಎಣ್ಣೆ ಸೋರಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ. ಡಬ್ಬಿಯ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ತಣ್ಣಗಿದ್ದಾಗ ಎಷ್ಟು ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಕಾದ ಮೇಲೆ ಎಷ್ಟು ಮೈ ಉಳಿಸಿಕೊಳ್ಳುತ್ತದೆ ಅನ್ನುವುದಕ್ಕೆ. ಯಾವ ಕಂಪನಿ, ಎಷ್ಟು ಬೆಲೆ, ಅದೆಲ್ಲ ಆಮೇಲಿನ ಮಾತು.

ಒಳಗೆ ಎಷ್ಟು ಸಂದು ಇದೆ ಅಂತ ಗೊತ್ತಿರುವುದು ಒಬ್ಬರಿಗೇ. ಆ ಒಬ್ಬರು ದಿನಕ್ಕೊಂದು ಹೇಳುತ್ತಿದ್ದಾರೆ. ಎಂಜಿನ್ ಮುಚ್ಚಿದೆ.

ಮತ್ತೆ ಕೇಳಿದ್ದಕ್ಕೆ ರೇಗಿದರು. ಕೈಯಲ್ಲಿದ್ದ, ಸಂದು ಅಳೆಯುವ ಫೀಲರ್ ಗೇಜನ್ನು ಮೇಜಿಗೆ ಎಸೆದರು. ಇಷ್ಟು ವರ್ಷದಲ್ಲಿ ಉಪಕರಣ ಎಸೆದದ್ದನ್ನು ನೋಡಿರಲಿಲ್ಲ.

ಮಾರ್ಚ್ 18, ಮಂಗಳವಾರ

ಕಣ್ಣು ತೋರಿಸುವ ನೆಪ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಒಳ್ಳೆಯವರು. ಎಂಜಿನ್ನಿನ ಭಾಗಗಳ ಹೆಸರು ಹೇಳಿ ಅಂದರು. ಇವರು ಶುರುಮಾಡಿದರೆ ನಿಲ್ಲಿಸುವವರಿಲ್ಲ. ಪಿಸ್ಟನ್ನಿನ ಉಂಗುರದಿಂದ ಹಿಡಿದು ಟೈಮಿಂಗ್ ಚೈನಿನ ಕೊಂಡಿವರೆಗೆ. ಡಾಕ್ಟರಮ್ಮನೇ ನಗುತ್ತ ಸಾಕು ಅಂದರು. ಆಮೇಲೆ, ಈಗ ಯಾವ ತಿಂಗಳು ಅಂತ ಕೇಳಿದರು.

ಇವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ.

"ಅದೆಲ್ಲ ಇವಳು ನೋಡ್ಕೊಳ್ತಾಳೆ" ಅಂದರು.

ಕಾಯಿಲೆಯ ಹೆಸರು ಹೇಳಿದರು. ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಶುರುವಾಗಿ ಬಹಳ ಕಾಲ ಆಗಿರಬೇಕು, ನೀವು ಗಮನಿಸಲಿಲ್ಲವಾ ಅಂದರು. ಗಮನಿಸಿದ್ದೆನೇ? ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದು, ಗಿರಾಕಿಯ ಹೆಸರು ತಪ್ಪಿದ್ದು, ಇವೆಲ್ಲ ಯಾರಿಗೆ ಆಗುವುದಿಲ್ಲ? ವಯಸ್ಸು ಇನ್ನೂ ಅರವತ್ತಾಗಿಲ್ಲ.

ದಾರಿಯಲ್ಲಿ ಇವರು ಕೇಳಿದರು: "ಕಣ್ಣು ಹೇಗಿದೆಯಂತೆ?"

"ಚೆನ್ನಾಗಿದೆಯಂತೆ" ಅಂದೆ.

ಮಾರ್ಚ್ 19, ಬುಧವಾರ

ಏನೂ ಇಲ್ಲ. ಶೆಡ್ಡು ತೆಗೆದೆ, ಮುಚ್ಚಿದೆ.

ಮಾರ್ಚ್ 24, ಸೋಮವಾರ

ಇಂದು ಗುಬ್ಬಿಯ ಕಾರಿಗೆ ಜೀವ ಬಂತು. ಮೊದಲು ಫೈವ್-ಫಾರ್ಟಿ ಹಾಕಿದೆವು. ಸ್ಟಾರ್ಟ್ ಆದ ಕೂಡಲೇ ಶೆಡ್ಡಿನ ತಗಡೆಲ್ಲ ನಡುಗಿತು. ಸೂಪರ್‌ಚಾರ್ಜರಿನ ಆ ಸಿಳ್ಳು ಕೇಳಿ ಬೀದಿಯವರು ಬಾಗಿಲಿಗೆ ಬಂದು ನಿಂತರು. ಗುಬ್ಬಿಯ ಕಣ್ಣಲ್ಲಿ ನೀರು.

ನಾನು ನೋಡುತ್ತಿದ್ದದ್ದು ಎಣ್ಣೆಯ ಒತ್ತಡದ ಗೇಜನ್ನು. ತಣ್ಣಗಿದ್ದಾಗ ಮುಳ್ಳು ಸರಿಯಾಗಿತ್ತು. ಕಾಯುತ್ತ ಕಾಯುತ್ತ ಇಳಿಯಿತು. ಪೂರ್ತಿ ಬಿಸಿಯಾದಾಗ ಕೆಂಪು ಗೆರೆಯ ಹತ್ತಿರ ಬಂದು ನಡುಗುತ್ತಿತ್ತು.

"ಆಫ್ ಮಾಡು" ಅಂದೆ.

ಇವರು ಬಗ್ಗಿ ನೋಡಿದರು. "ಯಾರು ತೆಳು ಎಣ್ಣೆ ಹಾಕಿದ್ದು? ದಪ್ಪ ಹಾಕು ಅಂತ ಬಡ್ಕೊಂಡೆ."

ಎಣ್ಣೆ ಇಳಿಸಿ ಟೆನ್-ಸಿಕ್ಸ್ಟಿ ತುಂಬಿದೆವು. ಕಾದ ಮೇಲೂ ಮುಳ್ಳು ಗಟ್ಟಿಯಾಗಿ ನಡುವೆ ನಿಂತಿತು. ಗುಬ್ಬಿ ಕುಣಿದಳು. ಇವರನ್ನು ತಬ್ಬಿಕೊಂಡು, "ಮಾವ ಅಂದ್ರೆ ಮಾವ" ಅಂದಳು. ಇವರು ಮಗುವಿನ ಹಾಗೆ ನಕ್ಕರು. ನನಗೂ ಮನಸ್ಸು ಹಗುರಾಯಿತು. ಡಾಕ್ಟರಮ್ಮ ಏನೇ ಹೇಳಲಿ, ಕೈ ಇನ್ನೂ ಮರೆತಿಲ್ಲ ಅನ್ನಿಸಿತು.

ಮಾರ್ಚ್ 26, ಬುಧವಾರ

ಮನಸ್ಸು ಹಗುರಾದದ್ದು ಹೆಚ್ಚು ದಿನ ಉಳಿಯಲಿಲ್ಲ.

ಗುಬ್ಬಿಯ ಕಾರಿನ ಎಣ್ಣೆ ಫಿಲ್ಟರನ್ನು ಬಿಚ್ಚಿ, ತಗಡು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹರಡಿ ನೋಡಿದೆ. ಹೊಳೆಯುತ್ತಿತ್ತು. ಆಯಸ್ಕಾಂತ ಹಿಡಿದೆ, ಅಂಟಲಿಲ್ಲ. ಅಂದರೆ ಕಬ್ಬಿಣ ಅಲ್ಲ, ಬೇರಿಂಗಿನ ಪುಡಿ. ಹೊಸ ಎಂಜಿನ್ ಮೊದಮೊದಲು ಸ್ವಲ್ಪ ಪುಡಿ ಬಿಡುತ್ತದೆ, ಅದು ಹೌದು. ಹೊಸ ಫಿಲ್ಟರ್ ಹಾಕಿ, ಇನ್ನೊಂದಷ್ಟು ಹೊತ್ತು ಓಡಿಸಿ, ಅದನ್ನೂ ಕತ್ತರಿಸಿದೆ. ಕಡಿಮೆ ಆಗಬೇಕಿತ್ತು. ಹೆಚ್ಚಾಗಿತ್ತು, ಅದರ ಬಣ್ಣವೂ ಬೇರಿಂಗಿನ ಒಳಪದರದ ತಾಮ್ರಕ್ಕೆ ತಿರುಗಿತ್ತು.

ಒಳಗೆ ಏನೋ ಕೆಟ್ಟಿದೆ. ದಪ್ಪ ಎಣ್ಣೆ ಮುಳ್ಳನ್ನು ಎತ್ತಿ ನಿಲ್ಲಿಸಿದೆ, ಅಷ್ಟೇ. ಒಳಗಿನ ಗಾಯ ಗಾಯವೇ.

ನಾದಿನಿಗೆ ಫೋನ್ ಮಾಡಿದೆ. ಡಾಕ್ಟರ ಮಾತನ್ನೂ ಹೇಳಿದೆ, ಎಂಜಿನ್ ಬಿಚ್ಚಬೇಕು ಅಂತಲೂ ಹೇಳಿದೆ.

"ನಮ್ಮಣ್ಣನಿಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರ್ತೀಯಾ ಅತ್ತಿಗೆ? ನಾಲ್ಕು ಬೋಲ್ಟ್ ಬಿಚ್ಚೋದು ಕಲ್ತ ಮಾತ್ರಕ್ಕೆ ನೀನೇ ದೊಡ್ಡವಳಾಗಿಬಿಟ್ಯಾ?"

"ಗುಬ್ಬಿ ಕೂರೋದು ಆ ಕಾರಲ್ಲಿ."

"ಅವಳನ್ನ ಕೂರಿಸೋದು ನಮ್ಮಣ್ಣ. ಅವನ ಕೈ ಮೇಲೆ ನನಗೆ ನಂಬಿಕೆ ಇದೆ" ಅಂದು ಇಟ್ಟುಬಿಟ್ಟಳು.

ಮಾರ್ಚ್ 30, ಭಾನುವಾರ

ನಾನೇ ಹೇಳಿದೆ, ಮೆತ್ತಗೆ. "ರೀ, ಒಂದ್ಸಲ ಬಿಚ್ಚಿ ನೋಡೋಣ. ನೀವೂ ಇರಿ."

"ನನ್ನ ಎಂಜಿನ್ನಾ? ಬಿಚ್ಚೋದಾ?"

ಕಾರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಊಟಕ್ಕೂ ಏಳಲಿಲ್ಲ. ಉಪಕರಣದ ಬೀರುವಿನ ಕೀಲಿ ಅಂಗಿಯ ಜೇಬಿನಲ್ಲಿ, ಅದರ ಮೇಲೆ ಕೈ. ಸಂಜೆಯವರೆಗೂ ಕಾದೆ. ತಟ್ಟೆ ತಣ್ಣಗಾಯಿತು. ಆಮೇಲೆ ನನಗೂ ಏನಾಯಿತೋ, ಹತ್ತಿರ ಹೋಗಿ ಅವನ ಕೈ ಸರಿಸಿ ಜೇಬಿನಿಂದ ಕೀಲಿ ತೆಗೆದುಕೊಂಡೆ. ಬಲ ಹಾಕಬೇಕಾಯಿತು. ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಬಿತ್ತು.

"ಎದ್ದು ಊಟ ಮಾಡು" ಅಂದೆ.

ಎದ್ದ. ಊಟ ಮಾಡಿದ. ಕೈ ತೊಳೆಯುವಾಗ ಮಣಿಕಟ್ಟು ನೋಡಿಕೊಂಡು, "ಎಲ್ಲೋ ತಗುಲಿದೆ" ಅಂದ.

ಏಪ್ರಿಲ್ 2, ಬುಧವಾರ

ಆ ಎಂಜಿನ್ ಇಳಿಸಲು ನನ್ನ ಒಬ್ಬಳ ಕೈಲಿ ಆಗುವುದಿಲ್ಲ. ಏಣಿಯನ್ನು ಹುಡುಕಿಕೊಂಡು ಹೋದೆ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಚಕ್ರಗಳಿಗೆ ಗಾಳಿ ತುಂಬುತ್ತಿದ್ದ. ಅಷ್ಟು ಎತ್ತರದ ಆಳು ಕುಕ್ಕರಗಾಲಿನಲ್ಲಿ ಕೂತದ್ದು ನೋಡಲಾಗಲಿಲ್ಲ.

"ಬನ್ನಿ ಅಕ್ಕ" ಅಂದ, ನಿನ್ನೆ ತಾನೇ ನೋಡಿದವನ ಹಾಗೆ. ತಾನು ಕೂತಿದ್ದ ಡಬ್ಬಿಯನ್ನೇ ಒರೆಸಿ ನನಗೆ ಕೊಟ್ಟ.

ಎಲ್ಲ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಹೋದ ವರ್ಷದಿಂದ ಗೊತ್ತು ಅಕ್ಕ. ಅಣ್ಣ ಮುಚ್ಚಿದ ಮೇಲೆ ನಾನು ಒಂದು ಸುತ್ತು ನೋಡಿಬಿಡ್ತಿದ್ದೆ. ಸಡಿಲ ಇದ್ದದ್ದು ಬಿಗಿ ಮಾಡ್ತಿದ್ದೆ. ಅವತ್ತು ಗೇರ್‌ಬಾಕ್ಸ್ ಕೆಳಗೆ ಸಿಕ್ಕಿಹಾಕ್ಕೊಂಡಿದ್ದೆ, ವ್ಯಾನ್ ನೋಡೋಕೆ ಆಗಲಿಲ್ಲ. ಹಾಗಾಗಿ ಅದು ನಂದೇ ತಪ್ಪು ಅಂದ್ರೂ ಸರಿನೇ."

"ಯಾಕೆ ನನಗೆ ಹೇಳಲಿಲ್ಲ?"

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ನಾನು ನೆಲ ನೋಡಿದೆ. ಅಲ್ಲಿ ಚೆಲ್ಲಿದ ಡೀಸೆಲಿನಲ್ಲಿ ಬಣ್ಣಗಳು ಹರಿಯುತ್ತಿದ್ದವು.

"ಗುಬ್ಬಿ ಎಂಜಿನ್ನೂ ನೋಡಿದ್ಯಾ?"

"ಅದೊಂದನ್ನ ಮುಟ್ಟೋಕೆ ಬಿಡಲಿಲ್ಲ. 'ನಮ್ಮ ಗುಬ್ಬೀದು, ಒಂದು ವಾಷರೂ ಬೇರೆಯವರ ಕೈಯಿಂದ ಹೋಗಬಾರದು' ಅಂದ್ರು." ಗಾಳಿಯ ಪೈಪನ್ನು ಸುತ್ತಿ ಕೊಕ್ಕೆಗೆ ಹಾಕಿದ. "ಶುಕ್ರವಾರ ರಜೆ ಹಾಕ್ತೀನಿ ಅಕ್ಕ."

ಏಪ್ರಿಲ್ 4, ಶುಕ್ರವಾರ

ಇವತ್ತಿನದನ್ನು ನಡೆದ ಹಾಗೆ ಬರೆಯುತ್ತೇನೆ.

ಗುಬ್ಬಿಗೆ ವಿಷಯ ಹೇಳಿದ್ದೆ. ಅವಳು ಅಮ್ಮನ ಹತ್ತಿರ ಏನು ಮಾತಾಡಿದಳೋ, ಬೆಳಿಗ್ಗೆ ನಾದಿನಿ ಮುಖ ಬಿಗಿದುಕೊಂಡು ಬಂದು ಅಣ್ಣನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನಾವು ಮೂವರು ಕೆಲಸಕ್ಕೆ ನಿಂತೆವು. ಎಣ್ಣೆ ಬಸಿದು, ಎಂಜಿನ್ ಇಳಿಸಿ ಸ್ಟ್ಯಾಂಡಿಗೆ ಹಾಕಿ, ಬೋರಲು ಮಾಡಿ, ಎಣ್ಣೆ ಚೇಂಬರ್ ಬಿಚ್ಚಿದೆವು. ಚೇಂಬರಿನ ತಳಕ್ಕೆ ಅಂಟಿದ್ದ ದಪ್ಪ ಎಣ್ಣೆಯಲ್ಲಿ ತಾಮ್ರದ ಪುಡಿ ಹೊಳೆಯುತ್ತಿತ್ತು.

ಮೊದಲ ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುವ ಕ್ಯಾಪ್ ಸರಿ. ಎರಡನೆಯದನ್ನು ಬಿಚ್ಚಿ ಏಣಿ ಬೆಳಕಿಗೆ ಹಿಡಿದ, ನನ್ನ ಕೈಗೆ ಕೊಟ್ಟ. ಕ್ಯಾಪಿನ ಮೇಲೆ ಮೂರು ಅಂತ ಕೊರೆದಿತ್ತು. ಮೂರನೆಯದರ ಮೇಲೆ ಎರಡು ಅಂತ ಇತ್ತು. ಅದಲು ಬದಲು.

ಕೆಲಸಕ್ಕೆ ಬರುವ ಹೊಸಬರಿಗೆಲ್ಲ ನನ್ನ ಗಂಡ ಮೊದಲ ದಿನವೇ ಹೇಳುತ್ತಿದ್ದ ಮಾತಿದೆ: ರಾಡು ಕ್ಯಾಪು ಗಂಡ ಹೆಂಡತಿ ಇದ್ದ ಹಾಗೆ, ಪಕ್ಕದ ಮನೇದಕ್ಕೆ ಹಾಕಿದರೆ ಬೋಲ್ಟ್ ಕೂಡುತ್ತೆ, ಸಂಸಾರ ಕೂಡಲ್ಲ. ಎಲ್ಲರೂ ನಗುತ್ತಿದ್ದರು. ಆ ಎರಡು ಬೇರಿಂಗುಗಳು ಒಂದು ಮಗ್ಗುಲಿಗೆ ಸವೆದು ತಾಮ್ರ ಕಾಣುತ್ತಿತ್ತು. ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು. "ರೇಸಲ್ಲಿ ಎಷ್ಟು ಹೊತ್ತು ತಡೀತಿತ್ತು?" ಗುಬ್ಬಿ ಕೇಳಿದಳು. ಏಣಿ ಕ್ಯಾಪುಗಳನ್ನು ಸ್ಟ್ಯಾಂಡಿನ ಪಕ್ಕ ಇಟ್ಟ.

ಆಗ ಬಾಗಿಲಲ್ಲಿ ಅವನು. ತಂಗಿಯ ಮನೆಯಿಂದ ತಪ್ಪಿಸಿಕೊಂಡು ನಡೆದೇ ಬಂದಿದ್ದ. ಅವನ ಹಿಂದೆ ನಾದಿನಿ ಏದುಸಿರು ಬಿಡುತ್ತ ಬಂದಳು.

ಬಂದವನು ನೇರ ಸ್ಟ್ಯಾಂಡಿಗೇ ಹೋದ. ಕ್ಯಾಪುಗಳನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಬೇರಿಂಗ್ ಸವರಿದ, ಅಂಕಿ ಓದಿದ. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು ಅವನಿಗೆ, ನಮಗೆ ಬೆಳಗೆಲ್ಲ ಹಿಡಿದದ್ದು.

"ಯಾವ ಕಟುಕ ಮಾಡಿದ್ದು ಇದು?"

ಕ್ಯಾಪುಗಳನ್ನು ನಮ್ಮ ಮುಂದೆ ಹಿಡಿದ.

"ಇದರಲ್ಲಿ ಜನ ಕೂರ್ತಾರೆ ಅನ್ನೋ ಜ್ಞಾನ ಬೇಡ್ವಾ? ಇಂಥವನ ಕೈಗೆ ಸ್ಪ್ಯಾನರ್ ಕೊಟ್ಟೋರು ಯಾರು?"

"ನಾನೇ ಅಣ್ಣ" ಅಂದ ಏಣಿ. "ಕೈ ತಪ್ಪಿತು."

ಅವನು ಏಣಿಯ ಕಡೆ ತಿರುಗಿದ. ಆ ಮುಖದಲ್ಲಿದ್ದ ಅಸಹ್ಯ ನನಗೆ ತಡೆಯಲಾಗಲಿಲ್ಲ.

"ಏಣಿ ಅಲ್ಲ" ಅಂದೆ. "ನೀನು. ಜನವರಿಯಲ್ಲಿ. ಇದು ಗುಬ್ಬಿ ಎಂಜಿನ್. ಬೇಕರಿ ವ್ಯಾನಿಗೆ ಎಣ್ಣೆ ಹಾಕದೆ ಕಳಿಸಿದ್ದೂ ನೀನೇ."

"ಅತ್ತಿಗೆ" ಅಂದಳು ನಾದಿನಿ. ಬೇಡ ಅನ್ನುವ ಹಾಗೆ.

ಅವನು ತನ್ನ ಕೈಗಳನ್ನು ನೋಡಿಕೊಂಡ, ಒಂದಾದ ಮೇಲೆ ಒಂದು. ಆಮೇಲೆ ಗುಬ್ಬಿಯನ್ನು ನೋಡಿದ.

"ನೀನು ಇದನ್ನ ಓಡಿಸಿದ್ಯಾ?"

"ಶೆಡ್ಡಲ್ಲೇ ಮಾವ. ಸ್ವಲ್ಪ ಹೊತ್ತು."

"ಯಾವ ಎಣ್ಣೆ ಇತ್ತು?"

"ಟೆನ್-ಸಿಕ್ಸ್ಟಿ" ಅಂದೆ ನಾನು.

"ಹಾಗಾದ್ರೆ ಮುಳ್ಳು ಸರಿಯಾಗೇ ನಿಂತಿರುತ್ತೆ. ಯಾರಿಗೂ ಗೊತ್ತಾಗಿರಲ್ಲ." ಹಳೇ ಟೈರಿನ ಮೇಲೆ ಕೂತ. ಕ್ಯಾಪುಗಳು ಇನ್ನೂ ಕೈಯಲ್ಲೇ ಇದ್ದವು. ನಾದಿನಿ ಅವನ ಪಕ್ಕ, ಎಣ್ಣೆಯ ನೆಲದ ಮೇಲೆ, ಒಳ್ಳೆ ಬಟ್ಟೆಯಲ್ಲೇ ಕೂತಳು. ಅವಳು ನನ್ನ ಕಡೆ ನೋಡಲಿಲ್ಲ.

ಹೇಳಬೇಕಾಗಿತ್ತು. ಏಣಿಗೂ ಗುಬ್ಬಿಗೂ ನ್ಯಾಯವಾಯಿತು. ಅವನ ಮುಖ ಮಾತ್ರ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಏಪ್ರಿಲ್ 5, ಶನಿವಾರ

ನಿನ್ನೆಯದು ಒಂದೂ ನೆನಪಿಲ್ಲ ಅವನಿಗೆ. ಬೆಳಿಗ್ಗೆ ನಗುತ್ತಲೇ ಎದ್ದ. ಆದರೆ ಶೆಡ್ಡಿನ ಬಾಗಿಲ ತನಕ ಬಂದವನು ಹೊಸಲಿನಲ್ಲೇ ನಿಂತುಬಿಟ್ಟ. ಯಾಕೆ ಅಂತ ಕೇಳಿದೆ.

"ಗೊತ್ತಿಲ್ಲ. ಹೆದರಿಕೆ ಆಗುತ್ತೆ."

ಮರೆತದ್ದು ನಾನು ಹೇಳಿದ ಮಾತನ್ನು. ಹೆದರಿಕೆಯನ್ನು ಮರೆತಿಲ್ಲ.

ಏಪ್ರಿಲ್ 12, ಶನಿವಾರ

ರೇಸು ಇವತ್ತು. ನಾವು ಹೋಗಲಿಲ್ಲ. ಕ್ರ್ಯಾಂಕನ್ನು ಸಾಣೆ ಹಿಡಿಯುವವರ ಯಂತ್ರ ಕೆಟ್ಟು, ವಾಪಸು ಬಂದದ್ದು ನಿನ್ನೆ. ತಂಡದವರು ಗುಬ್ಬಿಯ ಸೀಟನ್ನು ಬೇರೆ ಹುಡುಗನಿಗೆ ಕೊಟ್ಟರು. ಮುಂದಿನ ವರ್ಷ ನೋಡೋಣ ಅಂದರಂತೆ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಗುಬ್ಬಿ ಇಲ್ಲಿಗೇ ಬಂದು ಇಡೀ ದಿನ ಪಿಸ್ಟನ್ನುಗಳನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಏಪ್ರಿಲ್ 21, ಸೋಮವಾರ

ಎಂಜಿನ್ ಮುಗಿಯಿತು. ಪ್ರತಿ ಬೇರಿಂಗಿನ ಸಂದನ್ನೂ ನಾನೇ ಅಳೆದೆ, ಏಣಿ ಮತ್ತೊಮ್ಮೆ ಅಳೆದ. ಕ್ಯಾಪಿನ ಅಂಕಿಯನ್ನು ಗುಬ್ಬಿ ಗಟ್ಟಿಯಾಗಿ ಓದಿದಳು. ಏಣಿ ಈಗ ಮತ್ತೆ ಇಲ್ಲೇ. ಅವನ ಹತ್ತಿರ ಕ್ಷಮೆ ಕೇಳಿದೆ. "ಹೋಗಲಿ ಬಿಡಿ ಅಕ್ಕ, ಬಂಕಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು" ಅಂದ.

ಎಣ್ಣೆಯ ಹೊತ್ತು ಬಂದಾಗ ಮೂವರೂ ಅಭ್ಯಾಸದಂತೆ ಬಾಗಿಲ ಕಡೆ ನೋಡಿದೆವು. ಅಲ್ಲಿ ಹೊಸಲಿನ ಆಚೆ, ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಅವನು ಬೀದಿ ನೋಡುತ್ತಿದ್ದ. ಆಮೇಲೆ ಅವರಿಬ್ಬರೂ ನನ್ನನ್ನು ನೋಡಿದರು.

"ಟೆನ್-ಫಿಫ್ಟಿ" ಅಂದೆ. "ಪೂರ್ತಿ ಸಿಂಥೆಟಿಕ್. ನಾವು ಬಿಟ್ಟಿರೋ ಸಂದಿಗೆ ಫಾರ್ಟಿ ಸಾಲದು, ಸೂಪರ್‌ಚಾರ್ಜರ್ ಬಿಸಿಗೆ ತೆಳುವಾಗುತ್ತೆ. ಸಿಕ್ಸ್ಟಿ ಬೇಡ, ತಣ್ಣಗಿದ್ದಾಗ ಒದ್ದಾಡುತ್ತೆ. ಎಣ್ಣೆಗೆ ಪೆಟ್ರೋಲು ಬೆರೆಯೋ ಎಂಜಿನ್ ಇದು, ಬೇಗ ಬೇಗ ಬದಲಿಸಬೇಕು."

ಓಡಿಸಿದೆವು. ಫಿಲ್ಟರ್ ಕತ್ತರಿಸಿದೆವು. ಮೊದಲನೆಯದರಲ್ಲಿ ಸ್ವಲ್ಪ ಹೊಳಪು, ಎರಡನೆಯದರಲ್ಲಿ ಬರೀ ಕಾಗದ. ಗುಬ್ಬಿ ಕುಣಿಯಲಿಲ್ಲ. ಕಾರಿಗೆ ಹೊದಿಕೆ ಹೊದೆಸಿ ಮನೆಗೆ ಹೋದಳು.

ನನ್ನ ಶೆಡ್ಡಿನಲ್ಲಿ ಇನ್ನು ಮುಂದೆ ಯಾವ ಎಂಜಿನ್ನನ್ನೂ ಒಬ್ಬರೇ ಮುಚ್ಚಕೂಡದು ಅಂತ ಹೇಳಿದ್ದೇನೆ.

ಏಪ್ರಿಲ್ 29, ಮಂಗಳವಾರ

ದಿನವಿಡೀ ಕುರ್ಚಿಯಲ್ಲಿ ಕೂರುತ್ತಾನೆ. ಸ್ನಾನ ಮಾಡು ಅಂದರೆ ಮಾಡುತ್ತಾನೆ, ಅಂಗಿ ಬದಲಿಸು ಅಂದರೆ ಬದಲಿಸುತ್ತಾನೆ. ಬೆರಳುಗಳು ಮಾತ್ರ ಸುಮ್ಮನಿರುವುದಿಲ್ಲ, ತೊಡೆಯ ಮೇಲೆ ಇಲ್ಲದ ಬೋಲ್ಟುಗಳನ್ನು ತಿರುಗಿಸುತ್ತಿರುತ್ತವೆ. ನಾದಿನಿ ಬಂದು ಪಕ್ಕದಲ್ಲಿ ಕೂತು, ಆ ಕೈ ಹಿಡಿದುಕೊಳ್ಳುತ್ತಾಳೆ. ಬಿಟ್ಟ ಕೂಡಲೇ ಮತ್ತೆ ಶುರು.

ಇವತ್ತು ಹೋಗುವಾಗ ಅವಳು, ಎಂಜಿನ್ ಬಿಚ್ಚಿದ ದಿನದ ನಂತರ ಮೊದಲ ಸಲ, ನನ್ನ ಹತ್ತಿರ ಮಾತಾಡಿದಳು. "ನೀನು ಬಿಚ್ಚದೇ ಹೋಗಿದ್ರೆ ನನ್ನ ಮಗಳು ಇರ್ತಿರಲಿಲ್ಲ. ಗೊತ್ತು ಅತ್ತಿಗೆ. ಆದ್ರೂ ಅವತ್ತು ಅವನಿಗೆ ಹಾಗೆ ಹೇಳಿದ್ದನ್ನ ನನ್ನಿಂದ ಮರೆಯೋಕಾಗ್ತಿಲ್ಲ."

"ನನ್ನಿಂದಲೂ" ಅಂದೆ.

ಮೇ 6, ಮಂಗಳವಾರ

ಏಣಿ ಗುಜರಿಯಿಂದ ಒಂದು ಹಳೇ ಎಂಜಿನ್ ಹೊತ್ತುಕೊಂಡು ಬಂದ. ಯಾವ ಕಾರಿಗೂ ಬೇಡದ್ದು. ತೊಳೆದು, ಶೆಡ್ಡಿನ ಹೊರಗೆ, ಕುರ್ಚಿಯ ಎದುರಿಗೆ ಹಲಗೆ ಹಾಕಿ ಇಟ್ಟೆವು.

"ದೂರದ ಗಿರಾಕಿಯದು. ಅರ್ಜೆಂಟ್ ಅಂತೆ. ನಿನ್ನ ಬಿಟ್ಟು ಬೇರೆ ಯಾರ ಕೈಲೂ ಆಗಲ್ಲ ಅಂತೆ" ಅಂದೆ.

ಎಷ್ಟೋ ದಿನದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಮಧ್ಯಾಹ್ನದೊಳಗೆ ಪೂರ್ತಿ ಬಿಚ್ಚಿದ, ಸಂಜೆಯೊಳಗೆ ಜೋಡಿಸಿದ. ಎರಡು ವಾಷರು ನೆಲದ ಮೇಲೆ ಉಳಿದಿದ್ದವು. ಏಣಿ ಎತ್ತಿ ಜೇಬಿಗೆ ಹಾಕಿಕೊಂಡ. ನಾಳೆ ಬೆಳಿಗ್ಗೆ ಮತ್ತೆ ಅದನ್ನೇ ಕೊಡುವುದು. ಅವನಿಗೆ ಏನು ಗೊತ್ತಾಗುತ್ತೆ ಅಂದುಕೊಂಡಿದ್ದೇವೆ.

ಮೇ 14, ಬುಧವಾರ

ಸಂಜೆ ಚಹಾ ತೆಗೆದುಕೊಂಡು ಹೋದೆ. ಏಣಿ ಒಳಗಿದ್ದ. ಇವರು ಎಂಜಿನ್ನಿನ ಮೇಲೆ ಬಗ್ಗಿ ಕೊನೆಯ ಬೋಲ್ಟುಗಳನ್ನು ಬಿಗಿಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಈ ಗಿರಾಕಿ ಯಾರು?"

"ದೂರದವರು. ಅರ್ಜೆಂಟ್ ಅಂತೆ."

"ಪಾಪ. ದಿನಾ ಅರ್ಜೆಂಟ್ ಅವರಿಗೆ."

ಇವರು ಬೋಲ್ಟಿನ ತಲೆಯನ್ನು ಬೆರಳಿನಿಂದ ತೋರಿಸಿದರು. "ಮೂಲೆ ಸವೆದಿದೆ ನೋಡು. ಒಂದೇ ಸ್ಪ್ಯಾನರು, ಒಂದೇ ಕೈ. ನಿನ್ನೆನೂ ಇದನ್ನೇ ಬಿಚ್ಚಿದ್ದೀನಿ ಅನ್ಸುತ್ತೆ. ಮೊನ್ನೆನೂ ಇರಬೇಕು."

ಲೋಟ ಹಲಗೆಯ ಮೇಲಿಟ್ಟು ನಿಂತೆ. ಇವರು ಒಳಗಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಏಣಿಗೆ ಹೇಳಬೇಡ. ಕಷ್ಟಪಟ್ಟು ಹೊತ್ಕೊಂಡು ಬಂದಿದ್ದಾನೆ."

ಚಹಾ ಕುಡಿದರು, ನಿಧಾನವಾಗಿ, ಕೊನೆಯ ಗುಟುಕಿನವರೆಗೆ. ಲೋಟವನ್ನು ನನ್ನ ಕೈಗೆ ಕೊಟ್ಟರು.

"ನಾಳೇನೂ ಕೊಡು" ಅಂದರು.

"ಕೊಡ್ತೀನಿ ರೀ" ಅಂದೆ.